ಮೊಳದ ತುದಿಯ ಮೂಳೆ

ಹೂ ಮಾರುವವಳ ಕೈಯನ್ನು ಒಮ್ಮೆ ಗಮನಿಸಿ ನೋಡಿ. ಸರದ ಒಂದು ತುದಿಯನ್ನು ನಡುಬೆರಳಿನ ತುದಿಗೆ ಸಿಕ್ಕಿಸಿಕೊಂಡು, ಉಳಿದದ್ದನ್ನು ಮುಂಗೈಯುದ್ದಕ್ಕೂ ಎಳೆದು ಮೊಣಕೈಯ ಮೂಳೆಗೆ ತಾಗಿಸಿ ‘ಒಂದು ಮೊಳ’ ಎನ್ನುತ್ತಾಳೆ. ಉದ್ದ ಕೈಯವಳ ಹತ್ತಿರ ಕೊಂಡರೆ ಲಾಭ, ಗಿಡ್ಡ ಕೈಯವಳ ಹತ್ತಿರ ಕೊಂಡರೆ ನಷ್ಟ ಎಂಬುದು ಎಲ್ಲರಿಗೂ ಗೊತ್ತು. ಆದರೂ ಸಕಲೇಶಪುರದ ಬಸ್‌ ಸ್ಟ್ಯಾಂಡಿಗೆ ಇದುವರೆಗೆ ಯಾರೂ ಹೂವಳೆಯಲು ಸ್ಕೇಲು ತಂದಿಲ್ಲ. ಶಾಸ್ತ್ರದ ಲೆಕ್ಕದಲ್ಲಿ ಮೊಳಕ್ಕೆ 24 ಅಂಗುಲ. ಅಂಗುಲವೆಂದರೆ ಇಲ್ಲಿ ಬೆರಳಿನ ಅಗಲ, ಇಂಚಲ್ಲ. ಇಂಚಿನ ಲೆಕ್ಕಕ್ಕೆ ತಂದರೆ ಸುಮಾರು 18, ಅಂದರೆ ಒಂದೂವರೆ ಅಡಿ.

ಮೊಳ ಮತ್ತು ಮೊಣಕೈ ಒಂದೇ ಬೇರಿನ ಪದಗಳು. ತಮಿಳಿನಲ್ಲೂ ಅಳತೆಗೆ ಮುಳಂ, ಮೊಣಕೈಗೆ ಮುಳಂಗೈ. ಲ್ಯಾಟಿನ್ನಿನಲ್ಲಿ ‘ಅಲ್ನಾ’ ಎಂದರೆ ಮೊಣಕೈ. ವೈದ್ಯರು ಮುಂಗೈಯ ಒಂದು ಮೂಳೆಗೆ ಇಟ್ಟ ಹೆಸರೂ ಅದೇ. ಇಂಗ್ಲಿಷರು ಹಿಂದೆ ಬಟ್ಟೆ ಅಳೆಯುತ್ತಿದ್ದ ‘ಎಲ್’ ಕೂಡ ಅದರ ದಾಯಾದಿ. ಮನುಷ್ಯನಿಗೆ ಅಳೆಯಬೇಕು ಅನ್ನಿಸಿದಾಗಲೆಲ್ಲ ಮೊದಲು ಕಣ್ಣಿಗೆ ಬಿದ್ದದ್ದು ಅವನದೇ ಮೊಣಕೈ ಅಂತ ಕಾಣುತ್ತದೆ. ಅದಕ್ಕೆ ಕಾರಣವೂ ಇದೆ. ಕೈಯ ಮೂಳೆಯ ಬಹುಭಾಗ ಮಾಂಸದೊಳಗೆ ಅಡಗಿದೆ. ಮೊಣಕೈಯ ತುದಿಯಲ್ಲಿ ಮೂಳೆ ಚರ್ಮದ ಕೆಳಗೇ ಕೂತಿದೆ. ಅಲ್ಲಿಂದ ಅಳೆದರೆ ಅಳತೆ ಕದಲುವುದಿಲ್ಲ.

ನನಗೆ ಮೊಣಕೈಯ ಮೇಲೆ ಇಷ್ಟೊಂದು ಆಸಕ್ತಿ ಬರಲು ನನ್ನ ಎಡಗೈ ಕಾರಣ. ಅದರ ಕಥೆ ಹೇಳುವ ಮುಂಚೆ ಈ ಕೀಲು ಹೇಗಿದೆ ಎಂದು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕಥೆ ಅರ್ಥವಾಗುವುದಿಲ್ಲ.

ಮೊಣಕೈಯಲ್ಲಿ ಮೂರು ಮೂಳೆಗಳು ಸೇರುತ್ತವೆ. ಮೇಲಿಂದ ಬರುವ ತೋಳಿನ ಮೂಳೆ ಹ್ಯೂಮರಸ್. ಕೆಳಗಿನಿಂದ ಬರುವ ಎರಡರಲ್ಲಿ ಕಿರುಬೆರಳಿನ ಕಡೆಯದು ಅಲ್ನಾ, ಹೆಬ್ಬೆರಳಿನ ಕಡೆಯದು ರೇಡಿಯಸ್. ನಾವು ಮೇಜಿನ ಮೇಲೆ ಊರುವ, ಬಸ್ಸಿನಲ್ಲಿ ಪಕ್ಕದವರಿಗೆ ತಿವಿಯುವ ತುದಿ ಬೇರೆ ಮೂಳೆಯಲ್ಲ, ಅಲ್ನಾದ ಹಿಂಬದಿಯ ತಲೆ. ಮಂಡಿಗೆ ಚಿಪ್ಪೆಂಬ ಪ್ರತ್ಯೇಕ ಮೂಳೆಯಿದೆ, ಮೊಣಕೈಗೆ ಅದಿಲ್ಲ. ಈ ತಲೆಗೆ ಒಲೆಕ್ರಾನನ್ ಎಂದು ಹೆಸರು. ಅದರ ಮುಂದೆ ಇನ್ನೊಂದು ಸಣ್ಣ ಮೂತಿಯಿದೆ, ಕೊರೊನಾಯ್ಡ್. ಕಾಗೆಯ ಕೊಕ್ಕಿನ ಹಾಗಿದೆ ಎಂದು ಗ್ರೀಕ್ ಮಾತಿನಿಂದ ಆ ಹೆಸರು ಬಂತು. ಹಿಂದೆ ದೊಡ್ಡ ತಲೆ, ಮುಂದೆ ಸಣ್ಣ ಕೊಕ್ಕು, ನಡುವೆ ತೆರೆದ ಬಾಯಿ. ಆ ಬಾಯಿ ತೋಳಿನ ಮೂಳೆಯ ತುದಿಯನ್ನು ಕಚ್ಚಿ ಹಿಡಿದಿದೆ. ಹಿಡಿಸಿಕೊಂಡ ತುದಿಯ ಆಕಾರ ಬಾವಿಯ ರಾಟೆಯದೇ: ಎರಡು ಅಂಚು, ನಡುವೆ ತಗ್ಗು. ಲ್ಯಾಟಿನ್ನಿನ ‘ಟ್ರಾಕ್ಲಿಯಾ’ ಎಂದರೂ ರಾಟೆಯೇ. ರಾಟೆಯ ಪಕ್ಕದಲ್ಲಿ ಗೋಲಿಯಂಥ ಒಂದು ಉಬ್ಬು, ಅದಕ್ಕೆ ತಾಗಿಕೊಂಡು ರೇಡಿಯಸ್ಸಿನ ತಲೆ. ಅದು ಮೊಳೆಯ ತಲೆಯಂತೆ ದುಂಡಗೆ, ಚಪ್ಪಟೆ. ಒಂದು ಗಟ್ಟಿ ಪಟ್ಟಿ ಅದನ್ನು ಬಳೆಯ ಹಾಗೆ ಸುತ್ತಿ ಅಲ್ನಾಗೆ ಕಟ್ಟಿದೆ. ಬಳೆಯೊಳಗೆ ರೇಡಿಯಸ್ ಹೊರಳುತ್ತದೆ.

ಹಾಗಾಗಿ ಮೊಣಕೈ ಒಂದೇ ಕೀಲಿನಂತೆ ಕಂಡರೂ ಅಲ್ಲಿ ನಡೆಯುವುದು ಎರಡು ಕೆಲಸ. ಅಲ್ನಾ ಮಡಿಸುತ್ತದೆ, ರೇಡಿಯಸ್ ಹೊರಳಿಸುತ್ತದೆ. ನಮ್ಮ ವನಗೂರಿನ ಯಾವ ಕೆಲಸ ತೆಗೆದುಕೊಂಡರೂ ಇವೆರಡೂ ಬೇಕು. ಕಾಫಿ ಹಣ್ಣನ್ನು ಎಳೆದು ಕೀಳುವುದಿಲ್ಲ, ಎಳೆದರೆ ಮುಂದಿನ ವರ್ಷ ಹೂ ಬಿಡಬೇಕಾದ ಗಿಣ್ಣೇ ಕಿತ್ತುಬರುತ್ತದೆ. ತಿರುಚಿ ಬಿಡಿಸಬೇಕು. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಒಬ್ಬಳು ಹೆಂಗಸು ಎಷ್ಟು ಸಾವಿರ ಸಲ ರೇಡಿಯಸ್ಸನ್ನು ಹೊರಳಿಸುತ್ತಾಳೋ ಯಾರೂ ಲೆಕ್ಕ ಇಟ್ಟಿಲ್ಲ. ಲೆಕ್ಕವೆಲ್ಲ ಹಣ್ಣಿನ ಕೆಜಿಯಲ್ಲಿ. ಸಿಲ್ವರ್ ಮರಕ್ಕೆ ಬಿದಿರಿನ ಏಣಿ ಒರಗಿಸಿ ಮೆಣಸು ಕುಯ್ಯುವವನು ಒಂದು ಮೊಣಕೈಯನ್ನು ಮೆಟ್ಟಿಲಿಗೆ ಕೊಕ್ಕೆಯ ಹಾಗೆ ಸಿಕ್ಕಿಸಿಕೊಂಡು ಇನ್ನೊಂದು ಕೈಯಲ್ಲಿ ಗೊಂಚಲು ಬಿಡಿಸುತ್ತಾನೆ. ಅಷ್ಟು ಹೊತ್ತು ಅವನ ಜೀವವನ್ನು ಹಿಡಿದಿಟ್ಟಿರುವುದು ಆ ಕೊಕ್ಕೆ.

ಈ ಕೀಲಿನಲ್ಲಿ ಒಂದು ಬಲಹೀನ ಜಾಗವಿದೆ. ಕೈ ಪೂರ್ತಿ ನೀಡಿದಾಗ ಒಲೆಕ್ರಾನನ್ ಹೋಗಿ ಕೂರಲು ತೋಳಿನ ಮೂಳೆಯ ಹಿಂಭಾಗದಲ್ಲಿ ಒಂದು ಗುಳಿಯಿದೆ. ಪೂರ್ತಿ ಮಡಿಸಿದಾಗ ಕೊಕ್ಕು ಕೂರಲು ಮುಂಭಾಗದಲ್ಲಿ ಇನ್ನೊಂದು. ಎರಡು ಗುಳಿಗಳ ನಡುವೆ ಉಳಿಯುವ ಮೂಳೆ ಎಷ್ಟು ತೆಳುವೆಂದರೆ, ಒಣಗಿದ ಮೂಳೆಯನ್ನು ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಸೋಸಿ ಬರುತ್ತದೆ. ಕೆಲವರಲ್ಲಿ ಆ ಪರದೆಯೂ ಇರದೆ ತೂತೇ ಇರುತ್ತದೆ. ಕೈ ಇಷ್ಟು ಚೆನ್ನಾಗಿ ಮಡಿಸಲು, ನೀಡಲು ಬರುವುದು ಅಲ್ಲಿ ಮೂಳೆ ಇಲ್ಲದಿರುವುದರಿಂದಲೇ. ಮಕ್ಕಳ ಮೊಣಕೈ ಮುರಿಯುವುದೂ ಹೆಚ್ಚಾಗಿ ಅಲ್ಲಿಯೇ. ಐದರಿಂದ ಏಳು ವರ್ಷದ ಮಕ್ಕಳು ಬೀಳುವಾಗ ಕೈ ಮುಂದೆ ಚಾಚುತ್ತಾರೆ. ಆ ವಯಸ್ಸಿನಲ್ಲಿ ಕೀಲು ಸಡಿಲ, ಕೈ ಹಿಂದಕ್ಕೆ ಬಾಗುತ್ತದೆ. ಒಲೆಕ್ರಾನನ್ ತನ್ನ ಗುಳಿಯೊಳಗೆ ಹಾರೆಯಂತೆ ಮೀಟುತ್ತದೆ. ತೆಳು ಜಾಗ ಅಡ್ಡಕ್ಕೆ ಮುರಿಯುತ್ತದೆ.

1989ರ ಆಷಾಢದಲ್ಲಿ ನನಗೆ ಆರು ವರ್ಷ. ಮಳೆ ಹಿಡಿದರೆ ಹದಿನೈದು ದಿನ ಬಿಡದ ಊರು ನಮ್ಮದು. ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಪಾಚಿ ಕಟ್ಟಿತ್ತು. ಕೊಟ್ಟಿಗೆಯಿಂದ ಮನೆಗೆ ಬರುವಾಗ ಜಾರಿದೆ, ಎಡಗೈ ಊರಿದೆ. ಸದ್ದು ಕೇಳಿದ ನೆನಪಿಲ್ಲ. ಮೊಣಕೈಯ ಮೇಲೆ ಹಿಂದಕ್ಕೊಂದು ಮೆಟ್ಟಿಲು ಬಿದ್ದ ಹಾಗೆ ಕೈ ಕಂಡದ್ದು ಮಾತ್ರ ನೆನಪಿದೆ. ಹಳ್ಳ ತುಂಬಿ ರಸ್ತೆ ಬಂದಾಗಿತ್ತು, ಬಸ್ಸಿರಲಿಲ್ಲ. ಅಪ್ಪ ನನ್ನನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಪಕ್ಕದ ಹಳ್ಳಿಯ ಕಟ್ಟಿನಜ್ಜನ ಮನೆಗೆ ನಡೆದರು.

ಮೂಳೆ ಕಟ್ಟುವವರ ಬಗ್ಗೆ ಎರಡು ಥರ ಮಾತು ಚಾಲ್ತಿಯಲ್ಲಿದೆ. ಒಂದು, ಅವರ ಕೈಯಲ್ಲಿ ದೇವರಿದ್ದಾನೆ ಎನ್ನುವುದು. ಇನ್ನೊಂದು, ಅವರಿಗೇನೂ ಗೊತ್ತಿಲ್ಲ ಎನ್ನುವುದು. ಅಜ್ಜ ನನ್ನ ಕೈಗೆ ಮಾಡಿದ್ದನ್ನು ಈಗ ನೆನೆದರೆ ಎರಡೂ ಸರಿಯಲ್ಲ ಅನ್ನಿಸುತ್ತದೆ. ಅವರು ಮೊದಲು ಹೆಬ್ಬೆರಳು ಮತ್ತು ಎರಡು ಬೆರಳುಗಳನ್ನು ನನ್ನ ಮೊಣಕೈಯ ಮೂರು ಜಾಗದಲ್ಲಿಟ್ಟರು. ಒಳಗಡೆಯ ಗಂಟು, ಹೊರಗಡೆಯ ಗಂಟು, ಹಿಂದಿನ ತುದಿ. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದು ಅಪ್ಪನಿಗೆ ಹೇಳಿದರು: “ಜಾರಿಲ್ಲ ಗೌಡ್ರೇ, ಮುರ್ದೈತೆ.”

ನೀವೂ ನಿಮ್ಮ ಕೈಯಲ್ಲಿ ಮುಟ್ಟಿ ನೋಡಬಹುದು. ಕೈ ನೇರ ನೀಡಿದಾಗ ಆ ಮೂರು ಬಿಂದುಗಳು ಒಂದೇ ಗೆರೆಯಲ್ಲಿರುತ್ತವೆ. ಮಡಿಸಿದರೆ ತ್ರಿಕೋನವಾಗುತ್ತವೆ. ಕೀಲು ಜಾರಿದ್ದರೆ ಹಿಂದಿನ ತುದಿ ತನ್ನ ಜಾಗ ಬಿಟ್ಟಿರುತ್ತದೆ, ತ್ರಿಕೋನ ಕೆಡುತ್ತದೆ. ಗುಳಿಗಳ ಮಟ್ಟದಲ್ಲಿ ಮೂಳೆ ಮುರಿದಿದ್ದರೆ ಮೂರೂ ಬಿಂದುಗಳು ಮುರಿತದ ಕೆಳಗೇ ಇರುವುದರಿಂದ ಒಟ್ಟಿಗೇ ಸರಿಯುತ್ತವೆ, ತ್ರಿಕೋನ ಹಾಗೇ ಉಳಿಯುತ್ತದೆ. ವೈದ್ಯಕೀಯ ವಿದ್ಯಾರ್ಥಿಗಳು ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಅಕ್ಷರ ಬಾರದ ಅಜ್ಜ ಅದನ್ನು ಅವರಪ್ಪನ ಬೆರಳುಗಳಿಂದ ಕಲಿತಿದ್ದರು.

ಅಜ್ಜನ ಕೀರ್ತಿಗೆ ಇನ್ನೊಂದು ಕಾರಣವೂ ಇತ್ತು. ಪುಟ್ಟ ಮಕ್ಕಳನ್ನು ಒಂದು ಕೈ ಹಿಡಿದು ಎತ್ತಿದಾಗ ರೇಡಿಯಸ್ಸಿನ ತಲೆ ಆ ಬಳೆಯಂಥ ಪಟ್ಟಿಯಿಂದ ಕೊಂಚ ನುಣುಚಿಕೊಳ್ಳುವುದುಂಟು. ಮಗು ಕೈ ಜೋತುಬಿಟ್ಟು ಅಳುತ್ತದೆ. ಮುಂಗೈ ಹೊರಳಿಸಿ ಮೊಣಕೈ ಮಡಿಸಿದರೆ ‘ಟಕ್’ ಎಂದು ಕೂತು, ಹತ್ತು ನಿಮಿಷದಲ್ಲಿ ಅದೇ ಕೈಯಲ್ಲಿ ಬೆಲ್ಲ ತಿನ್ನುತ್ತದೆ. ಅಂಥ ಪವಾಡಗಳನ್ನು ಕಂಡ ಊರು ಮುರಿದ ಮೂಳೆಯನ್ನೂ ಅದೇ ನಂಬಿಕೆಯಿಂದ ಅವರ ಮುಂದಿಟ್ಟಿತು.

ಅಜ್ಜ ಕೈ ಎಳೆದು ಕೂರಿಸಿ, ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಕಲಸಿ ಬಳಿದು, ಹಳೇ ಪಂಚೆ ಸುತ್ತಿ, ಬಿದಿರಿನ ದಬ್ಬೆ ಕಟ್ಟಿದರು. ಆಮೇಲೆ ನನ್ನನ್ನು ಮನೆಗೆ ಕಳಿಸಲಿಲ್ಲ. ಆ ರಾತ್ರಿ ಎರಡು ಮೂರು ಸಲ ಬುಡ್ಡಿ ದೀಪ ಹಿಡಿದು ಬಂದು ನನ್ನ ಉಗುರು ಒತ್ತಿ ಬಿಟ್ಟು, ಬಿಳಿಚಿದ್ದು ಮತ್ತೆ ಕೆಂಪಾಗುವುದನ್ನು ನೋಡಿದರು. “ಬೆರಳು ಆಡ್ಸು ಮಗಾ” ಎಂದರು. ನಾನು ಬೆರಳು ನೀಡಲಾರದೆ ಕಿರುಚಿದಾಗ ಒಂದು ಮಾತೂ ಆಡದೆ ಕಟ್ಟು ಬಿಚ್ಚಿ ಸಡಿಲವಾಗಿ ಮತ್ತೆ ಕಟ್ಟಿದರು.

ಆ ರಾತ್ರಿ ಏನು ತಪ್ಪಿತು ಎಂಬುದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ, ಫೋಕ್‌ಮನ್‌ ಎಂಬ ಜರ್ಮನ್ ಶಸ್ತ್ರವೈದ್ಯನ ಬಗ್ಗೆ ಓದುವಾಗ. ಮೊಣಕೈಯ ಮುಂದೆ ಮೂಳೆಗೆ ತಾಗಿಕೊಂಡೇ ಮುಂಗೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳವಿದೆ. ಮುರಿದ ಮೂಳೆಯ ಚೂಪು ತುದಿ ಅದನ್ನು ಒತ್ತಬಹುದು. ಬಾತ ಕೈಗೆ ಬಿಗಿ ಕಟ್ಟು ಬಿದ್ದರೆ ಒಳಗಿನ ಒತ್ತಡವೇ ರಕ್ತವನ್ನು ತಡೆಯಬಹುದು. ಕೆಲವೇ ಗಂಟೆಗಳಲ್ಲಿ ಮುಂಗೈಯ ಸ್ನಾಯುಗಳು ಸಾಯಲು ಶುರುವಾಗುತ್ತವೆ. ಸತ್ತ ಸ್ನಾಯು ಕುಗ್ಗಿ ಗಟ್ಟಿಯಾಗಿ, ಬೆರಳುಗಳು ಹಕ್ಕಿಯ ಉಗುರಿನಂತೆ ಮಡಿಸಿಕೊಂಡು ಜೀವಮಾನವಿಡೀ ಹಾಗೇ ಉಳಿಯುತ್ತವೆ. ಫೋಕ್‌ಮನ್‌ 1881ರಲ್ಲಿ ಇದನ್ನು ವಿವರಿಸಿ, ಬಿಗಿ ಕಟ್ಟಿನತ್ತ ಬೆರಳು ತೋರಿಸಿದ. ಆತ ಬರೆದದ್ದು ವೈದ್ಯಕೀಯ ಮಾತ್ರವಲ್ಲ. 1870-71ರ ಫ್ರಾನ್ಸ್ ಯುದ್ಧಕ್ಕೆ ಸೈನ್ಯದ ವೈದ್ಯನಾಗಿ ಹೋಗಿದ್ದಾಗ ಮಕ್ಕಳಿಗೆ ಹೇಳುವಂಥ ಕಾಲ್ಪನಿಕ ಕಥೆಗಳನ್ನು ಬರೆದು ಮನೆಗೆ ಕಳಿಸುತ್ತಿದ್ದ. ರಿಚರ್ಡ್ ಲಿಯಾಂಡರ್ ಎಂಬ ಹೆಸರಿನಲ್ಲಿ ಅವು ಪುಸ್ತಕವಾಗಿ ಜರ್ಮನಿಯಲ್ಲಿ ಮನೆಮಾತಾದವು. ಮಕ್ಕಳ ಕಥೆ ಬರೆದವನೇ ಮಕ್ಕಳ ಬೆರಳು ಮುದುಡುವ ಈ ರೋಗವನ್ನೂ ಗುರುತಿಸಿದ ಎಂಬುದು ನನಗೆ ಇಷ್ಟವಾದ ಸಂಗತಿ. ಬೆರಳು ನೀಡಿದರೆ ತಡೆಯಲಾರದ ನೋವು, ಬಿಳಿಚುವಿಕೆ, ಜೋಮು, ಇವು ಈಗಲೂ ವೈದ್ಯರು ಕಾಯುವ ಲಕ್ಷಣಗಳು. ಅಜ್ಜ ಬುಡ್ಡಿ ದೀಪದಲ್ಲಿ ಕಾದದ್ದೂ ಅವಕ್ಕೇ. ಎಲ್ಲ ಕಟ್ಟಿನವರೂ ಹಾಗೆ ಕಾಯುವುದಿಲ್ಲ. ಬೆರಳು ಮುದುಡಿದವರನ್ನು ನಾನೂ ನೋಡಿದ್ದೇನೆ.

ನನ್ನ ಬೆರಳು ಉಳಿದವು. ಕೈ ಮಾತ್ರ ಸೊಟ್ಟಗೆ ಕೂಡಿಕೊಂಡಿತು.

ಅಂಗೈ ಮುಂದೆ ಮಾಡಿ ಕೈ ಇಳಿಬಿಟ್ಟರೆ ಎಲ್ಲರ ಮುಂಗೈಯೂ ಮೈಯಿಂದ ಕೊಂಚ ಹೊರಕ್ಕೆ ಓರೆಯಾಗಿರುತ್ತದೆ. ರಾಟೆಯ ಒಳ ಅಂಚು ಹೊರ ಅಂಚಿಗಿಂತ ಕೆಳಗಿಳಿದಿರುವುದು ಅದಕ್ಕೆ ಕಾರಣ. ಓರೆ ಸಾಮಾನ್ಯವಾಗಿ 5ರಿಂದ 15 ಡಿಗ್ರಿ, ಹೆಂಗಸರಲ್ಲಿ ತುಸು ಹೆಚ್ಚು. ಕೊಡಪಾನ ಹಿಡಿದು ನಡೆಯುವಾಗ ಅದು ತೊಡೆಗೆ ಬಡಿಯದಿರುವುದಕ್ಕೆ ಈ ಓರೆ ನೆರವಾಗುತ್ತದೆ. ನನ್ನ ಎಡಗೈಯ ಓರೆ ಒಳಮುಖ. ಮುರಿದ ತುಂಡು ಒಳಕ್ಕೆ ವಾಲಿ, ಸ್ವಲ್ಪ ತಿರುಗಿ ಕೂಡಿಕೊಂಡಿತ್ತು. ಅಜ್ಜನ ಬೆರಳುಗಳಿಗೆ ತ್ರಿಕೋನ ಸಿಕ್ಕಿತ್ತು. ಬಾತ ಕೈಯೊಳಗಿನ ಈ ವಾಲುವಿಕೆ ಸಿಗಲಿಲ್ಲ. ಅದನ್ನು ನೋಡಲು ಎಕ್ಸ್‌ರೇ ಬೇಕು.

ಶಾಲೆಯಲ್ಲಿ ಹುಡುಗರು ನನಗಿಟ್ಟ ಹೆಸರು ‘ಕೋವಿ’. ನಮ್ಮ ಕಡೆ ಮನೆಮನೆಯಲ್ಲೂ ಕೋವಿ ಕಂಡವರೇ. ನಳಿಗೆಯಿಂದ ಹಿಡಿಗೆ ಬರುವಲ್ಲಿ ಇರುವ ಬಾಗು ನನ್ನ ಕೈಯಲ್ಲಿತ್ತು. ಮುಂದೆ ಹಾಸನದಲ್ಲಿ ಓದುವಾಗ ಗ್ರಂಥಾಲಯದ ವೈದ್ಯಕೀಯ ಪುಸ್ತಕವೊಂದರಲ್ಲಿ ಇಂಗ್ಲಿಷ್ ವೈದ್ಯರೂ ಇದಕ್ಕೆ ಬಂದೂಕಿನ ಹಿಡಿಯದೇ ಹೆಸರಿಟ್ಟಿದ್ದಾರೆಂದು ತಿಳಿದಾಗ ವನಗೂರಿನ ಮೂರನೇ ಕ್ಲಾಸಿನ ಹುಡುಗರ ಬಗ್ಗೆ ಮೊದಲ ಸಲ ಗೌರವ ಮೂಡಿತು.

ಬೆಳೆಯುತ್ತಾ ಸರಿಹೋಗುತ್ತದೆ ಎಂದು ಎಲ್ಲರೂ ಹೇಳಿದರು. ಮಕ್ಕಳ ಮೂಳೆಗೆ ಆ ಗುಣ ಇರುವುದು ನಿಜ. ಆದರೆ ತೋಳಿನ ಮೂಳೆಯ ಉದ್ದದ ಬೆಳವಣಿಗೆಯಲ್ಲಿ ನೂರಕ್ಕೆ ಸುಮಾರು 80 ಪಾಲು ನಡೆಯುವುದು ಭುಜದ ತುದಿಯಲ್ಲಿ. ಮೊಣಕೈಯ ತುದಿಗೆ ಉಳಿಯುವುದು 20. ಅಷ್ಟು ಬೆಳವಣಿಗೆ ಪಕ್ಕಕ್ಕೆ ವಾಲಿದ್ದನ್ನು ನೇರ ಮಾಡಲಾರದು. ನನ್ನ ಮದುವೆಯ ಮಾತು ಬಂದಾಗ ಅವ್ವ ಆಪರೇಷನ್ ಮಾಡಿಸೋಣ ಎಂದು ಹಟ ಹಿಡಿದಳು. ಮೂಳೆಯಲ್ಲಿ ಬೆಣೆಯಾಕಾರದ ತುಂಡು ಕೊಯ್ದು ತೆಗೆದು ನೇರ ಮಾಡಬಹುದು ಎಂದು ವೈದ್ಯರು ಹೇಳಿದರು. ಕೈ ಪೂರ್ತಿ ಮಡಿಸುತ್ತದೆ, ಹೊರಳುತ್ತದೆ, ಶಕ್ತಿಯಿದೆ. ಮಾಡಿಸುವುದು ನೋಟಕ್ಕೆ ಮಾತ್ರ ಎಂದೂ ಹೇಳಿದರು. ನಾನು ಬೇಡವೆಂದೆ. “ಹಂಗಾದ್ರೆ ಸೆರಗು ಹೊದ್ಕೊಂಡು ಕೂತ್ಕೊ” ಎಂದಳು ಅವ್ವ. ಕೈ ಮಡಿಸಿದರೆ ಸೊಟ್ಟ ಕಾಣುವುದಿಲ್ಲ. ನೋಡಲು ಬಂದವರ ಮುಂದೆ ಕಾಫಿ ತಟ್ಟೆ ಹಿಡಿದು ನಿಂತಾಗ ಕಂಡಿರಲಿಕ್ಕಿಲ್ಲ. ತಟ್ಟೆ ಕೆಳಗಿಟ್ಟು, ಎಡಗೈ ನೀಡಿ, ನಾನೇ ತೋರಿಸಿದೆ. ಅವ್ವ ಆಮೇಲೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅವಳ ಕೋಪ ನಿಜವಾಗಿ ಇದ್ದದ್ದು ಅಜ್ಜನ ಮೇಲೆ. ಅಜ್ಜ ತೀರಿಹೋಗಿದ್ದರಿಂದ ಅದು ನನ್ನ ಮೇಲೆ, ಅಪ್ಪನ ಮೇಲೆ ತಿರುಗಿತ್ತು.

ಆ ವರ್ಷಗಳಲ್ಲಿ ನಾನು ಎಲ್ಲಿ ಹೋದರೂ ಜನರ ಮೊಣಕೈ ನೋಡುತ್ತಿದ್ದೆ. ಶ್ರವಣಬೆಳಗೊಳದ ಬೆಟ್ಟದಲ್ಲಿಯೂ ಅಷ್ಟೇ. 981ರಿಂದ ನಿಂತಿರುವ ಗೊಮ್ಮಟನ ಮುಖದ ನಗುವನ್ನು ಎಲ್ಲರೂ ನೋಡುತ್ತಿದ್ದರೆ ನಾನು ತೋಳುಗಳನ್ನು ನೋಡುತ್ತಿದ್ದೆ. ಬಳ್ಳಿ ಸುತ್ತಿದ ಆ ಉದ್ದ ಕೈಗಳು ಒಳಕ್ಕೂ ವಾಲದೆ ಹೊರಕ್ಕೂ ವಾಲದೆ ಇಳಿದಿವೆ. ಶಿಲ್ಪಿ ಅಂಗೈಗಳನ್ನು ತೊಡೆಯ ಕಡೆಗೆ ತಿರುಗಿಸಿದ್ದಾನೆ. ಹಾಗೆ ತಿರುಗಿಸಿದಾಗ ಸಹಜವಾದ ಓರೆಯೂ ಕಣ್ಣಿಗೆ ಬೀಳುವುದಿಲ್ಲ. ಕಲ್ಲಿನ ಕೈಗೂ ಮೂಳೆಯ ಲೆಕ್ಕ ತಪ್ಪಿಲ್ಲ ಅನ್ನಿಸಿತು. ಸುಶ್ರುತ ಮೊಣಕೈಯನ್ನು ‘ಕೂರ್ಪರ’ ಎಂದು ಕರೆದು ಮರ್ಮಸ್ಥಾನಗಳಲ್ಲಿ ಸೇರಿಸಿದ್ದಾನೆ, ಅಲ್ಲಿ ಪೆಟ್ಟಾದವನು ‘ಕುಣಿ’ಯಾಗುತ್ತಾನೆ ಎನ್ನುತ್ತಾನೆ. ಸಂಸ್ಕೃತದಲ್ಲಿ ಕುಣಿ ಎಂದರೆ ಕೈ ಊನವಾದವನು. ಕನ್ನಡದಲ್ಲಿ ಓದಿದರೆ ಯಾರೋ ನನಗೆ ಕುಣಿ ಎಂದು ಅಪ್ಪಣೆ ಮಾಡಿದಂತಿದೆ.

ಕಳೆದ ವರ್ಷದ ಮಳೆಗಾಲದಲ್ಲಿ ಅಣ್ಣನ ಮಗಳು ಜಗಲಿಯಿಂದ ಬಿದ್ದಳು. ಅವಳಿಗೂ ಆರು ವರ್ಷ. ಅವಳಿಗೂ ಅದೇ ಜಾಗದಲ್ಲಿ ಅದೇ ಮೆಟ್ಟಿಲು. ಫೋನು ಮಾಡಿದ್ದಕ್ಕೆ ಬಂದವನು ಕಟ್ಟಿನಜ್ಜನ ಮೊಮ್ಮಗ. ಈಗ ಜೀಪು ಇಟ್ಟುಕೊಂಡು ಬಾಡಿಗೆ ಓಡಿಸುತ್ತಾನೆ. ಮೂರು ಬೆರಳಿಟ್ಟು ನೋಡಿದ, ಉಗುರು ಒತ್ತಿ ನೋಡಿದ. ಕೈಯನ್ನು ಎಳೆಯಲಿಲ್ಲ. ಇದ್ದ ಹಾಗೇ ಅಡಿಕೆ ಹಾಳೆಯನ್ನು ಕೆಳಗಿಟ್ಟು, ಟವೆಲಿನಿಂದ ಸಡಿಲವಾಗಿ ಕಟ್ಟಿ, “ಹಾಸನಕ್ಕೇ ಹೋಗಾಣ ಅಣ್ಣಾ, ಇದು ನಮ್ಮ ಕೈಲಿ ಆಗೋದಲ್ಲ” ಎಂದ. ಇದು ಜಾರಿದ್ದಲ್ಲ, ಮುರಿದದ್ದು ಎಂದು ತಿಳಿದಿದ್ದರಿಂದಲೇ ಅವನು ಹಾಗೆ ಹೇಳಿದ್ದು. ಅಜ್ಜನ ವಿದ್ಯೆಯಲ್ಲಿ ಯಾವ ಭಾಗ ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅವನು ಯಾರ ಪಾಠವೂ ಇಲ್ಲದೆ ತೀರ್ಮಾನ ಮಾಡಿಕೊಂಡಿದ್ದ.

ಅದೇ ರಾತ್ರಿ ಅರಿವಳಿಕೆ ಕೊಟ್ಟು ಮೂಳೆ ಕೂರಿಸಿ ಚರ್ಮದ ಮೂಲಕವೇ ಎರಡು ತಂತಿ ಚುಚ್ಚಿ ನಿಲ್ಲಿಸಿದರು. ನಾಲ್ಕನೇ ವಾರ ತಂತಿ ತೆಗೆದಾಗ ಅವ್ವ ಎಣ್ಣೆ ಬಿಸಿ ಮಾಡಿ ನೀವಲು ತಯಾರಾಗಿದ್ದಳು. ವೈದ್ಯರು ಖಂಡಿತ ಬೇಡವೆಂದರು. ಮುರಿದು ಕೂಡಿದ ಮೊಣಕೈಯನ್ನು ಬಲವಂತವಾಗಿ ನೀವಿದರೆ ಮಾಂಸದೊಳಗೆ ಮೂಳೆ ಬೆಳೆದು ಕೀಲೇ ಬಿಗಿದುಕೊಳ್ಳಬಹುದಂತೆ. ಮಗು ತಾನೇ ಆಡಿಸುತ್ತಾ ಸರಿಮಾಡಿಕೊಳ್ಳಲಿ ಎಂದರು. ಅವ್ವ ಎಣ್ಣೆಯನ್ನು ತನ್ನ ಮಂಡಿಗೆ ಹಚ್ಚಿಕೊಂಡಳು.

ಎಕ್ಸ್‌ರೇ ಫಿಲಂ ಮನೆಗೆ ಬಂದ ದಿನ ಅವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮೂಳೆಗಳ ನಡುವೆ ಬಿಡಿಬಿಡಿಯಾಗಿ ನಿಂತಿದ್ದ ಬಿಳಿ ಚುಕ್ಕಿಗಳನ್ನು ಕಂಡು, “ಇದೇನೇ, ಇನ್ನೂ ಚೂರು ಉಳ್ಕೊಂಡೈತಲ್ಲ” ಎಂದು ಗಾಬರಿಯಾದಳು. ಅವು ಮುರಿದ ಚೂರುಗಳಲ್ಲ. ಮಗುವಿನ ಮೊಣಕೈ ಹುಟ್ಟುವಾಗ ಮೃದು ಎಲುಬು. ಎಕ್ಸ್‌ರೇಯಲ್ಲಿ ಅದು ಕಾಣುವುದೇ ಇಲ್ಲ. ಆಮೇಲೆ ಒಂದೊಂದೇ ಕಡೆ ಮೂಳೆ ದ್ವೀಪದ ಹಾಗೆ ಮೂಡುತ್ತದೆ. ಒಟ್ಟು ಆರು ದ್ವೀಪ. ಸುಮಾರು 1, 3, 5, 7, 9, 11ನೇ ವಯಸ್ಸಿನಲ್ಲಿ, ಹುಡುಗಿಯರಲ್ಲಿ ತುಸು ಮುಂಚೆ, ಒಂದೇ ಸರದಿಯಲ್ಲಿ ಕಾಣಿಸಿಕೊಳ್ಳುತ್ತವೆ: ಮೊದಲು ಗೋಲಿಯ ಉಬ್ಬು, ಆಮೇಲೆ ರೇಡಿಯಸ್ಸಿನ ತಲೆ, ಒಳಗಂಟು, ರಾಟೆ, ಒಲೆಕ್ರಾನನ್, ಕೊನೆಗೆ ಹೊರಗಂಟು. ಪ್ರಾಯಕ್ಕೆ ಬರುವ ಹೊತ್ತಿಗೆ ಎಲ್ಲವೂ ಬೆಸೆದುಕೊಂಡು ಗೆರೆಯೂ ಉಳಿಯುವುದಿಲ್ಲ. ಸರದಿ ಗೊತ್ತಿದ್ದವರಿಗೆ ಯಾವುದು ದ್ವೀಪ, ಯಾವುದು ಚೂರು ಎಂದು ತಿಳಿಯುತ್ತದೆ.

ನಾನು ಹೇಳಿದ್ದನ್ನು ಕೇಳಿ ಅವ್ವ ಬೆರಳಿಟ್ಟು ಎಣಿಸಿದಳು. ಮೂರು ಸಿಕ್ಕಿದವು. “ಇನ್ನೂ ಮೂರು ಬರ್ಬೇಕಾ?” ಎಂದು ಕೇಳಿದಳು. ಹೂಂ ಎಂದೆ. ಮುಂದಿನದು ರಾಟೆ ಎಂದೆ. ಕೈಯ ಓರೆ ಒಳಕ್ಕೋ ಹೊರಕ್ಕೋ ಎಂಬುದರಲ್ಲಿ ಪಾಲಿರುವ ರಾಟೆ. ಆಮೇಲೆ ಅವಳು ಮೊಮ್ಮಗಳನ್ನು ಕರೆದು, ಕಿಟಕಿಗೆ ಬೆನ್ನು ಹಾಕಿ ನಿಲ್ಲಿಸಿ, ಎರಡೂ ಕೈ ನೀಡಿಸಿ ಅಂಗೈ ಮುಂದೆ ಮಾಡಿಸಿದಳು. ಒಂದು ಕೈಗೂ ಇನ್ನೊಂದಕ್ಕೂ ವ್ಯತ್ಯಾಸವಿರಲಿಲ್ಲ. ಅವ್ವ ನನ್ನ ಕಡೆ ನೋಡದೆ, “ಆ ಅಜ್ಜಯ್ಯಂಗೆ ಎಕ್ಸ್‌ರೇ ಇದ್ದಿದ್ರೆ ಕೂರಿಸ್ತಿದ್ದ ಕಣೇ” ಎಂದಳು. ಮೂವತ್ತು ವರ್ಷ ದಾಟಿದ ಮೇಲೆ ಅವಳು ಅಜ್ಜನ ಪರವಾಗಿ ಆಡಿದ ಮೊದಲ ಮಾತು ಅದು. ಹುಡುಗಿ ಕೈ ನೀಡಿಕೊಂಡೇ ನಿಂತಿದ್ದಳು; ಇನ್ನೂ ಎಷ್ಟು ಹೊತ್ತು ಅತ್ತೆ ಎಂದು ಕೇಳಿದಳು.